1974ರಲ್ಲಿ ಒಂದೇ ಹಾಳೆ, ಈಗ ಒಂದು ಫೈಲು: ಮನೆ ಕಟ್ಟುವ ಪರವಾನಗಿ ಇಷ್ಟು ಬದಲಾದದ್ದು ಹೇಗೆ?

ಜಯನಗರದ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪ ಹೋಗಿ ಒಂದೂವರೆ ವರ್ಷ ಆಯಿತು. ಅವರ ಮಂಚದ ಕೆಳಗಿದ್ದ ತಗಡಿನ ಟ್ರಂಕಿನಲ್ಲಿ ನಮ್ಮ ಮನೆಯ ಕಾಗದಗಳೆಲ್ಲ ಸಿಕ್ಕವು. 40x60 ಸೈಟು, ಆಗಿನ ಸಿಐಟಿಬಿ, ಅಂದರೆ ನಗರ ಸುಧಾರಣಾ ಮಂಡಳಿ, ಕೊಟ್ಟದ್ದು. 1974ರಲ್ಲಿ ಕಟ್ಟಿದ ಮನೆ. ಪ್ಲಾನು ಅಂತ ಇರುವುದು ನೀಲಿ ಗೆರೆಗಳ ಒಂದೇ ಒಂದು ಹಾಳೆ. ಮಡಚಿದ ಕಡೆಯೆಲ್ಲ ಹರಿದಿದೆ. ಮೂಲೆಯಲ್ಲಿ ಒಂದು ದುಂಡು ಸೀಲು, ಎರಡು ಸಹಿ. ಜೊತೆಗೆ ಒಂದು ಪುಟದ ಲೈಸೆನ್ಸು, ಅದರ ಹಿಂಬದಿಯಲ್ಲಿ ಷರತ್ತುಗಳು. ಅಷ್ಟೇ. ಹಾಳೆಯ ಕೆಳಗೆ ‘1 ಅಂಗುಲಕ್ಕೆ 8 ಅಡಿ’ ಅಂತ ಬರೆದಿದೆ. ಮುಂದೆ ಹತ್ತಡಿ, ಹಿಂದೆ ಎಂಟಡಿ, ಎರಡೂ ಪಕ್ಕಕ್ಕೆ ಐದೈದು ಅಡಿ ಬಿಟ್ಟಿದ್ದಾರೆ. ಹಿತ್ತಿಲ ಮೂಲೆಯಲ್ಲಿ ಬಾವಿಗೆ ಒಂದು ಸೊನ್ನೆ.

ಈಗ ಮನೆ ಸೋರುತ್ತಿದೆ, ಸೂರಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಉದುರುತ್ತಿದೆ. ಅಮ್ಮ ಒಬ್ಬರೇ ಇದ್ದಾರೆ. ಕೆಡವಿ ಹೊಸದಾಗಿ ಕಟ್ಟೋಣ ಅಂತ ತಮ್ಮ ಮತ್ತು ನಾನು ಮಾತಾಡಿಕೊಂಡಿದ್ದೇವೆ. ಎಂಜಿನಿಯರ್ ಒಬ್ಬರನ್ನು ಕಂಡರೆ ಅವರು ಕೇಳಿದ ಕಾಗದಗಳ ಪಟ್ಟಿ ನೋಡಿ ಸುಸ್ತಾಯಿತು. ಇ-ಖಾತಾ, ಕ್ರಯಪತ್ರ, ಇಸಿ (ಋಣಭಾರ ಪತ್ರ), ವಂಶವೃಕ್ಷ, ತೆರಿಗೆ ರಸೀದಿ, ಮಣ್ಣಿನ ಪರೀಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ ಪತ್ರ, ಮಳೆನೀರು ಕೊಯ್ಲಿನ ನಕ್ಷೆ, ಹಿತ್ತಿಲ ಮಾವಿನ ಮರಕ್ಕೆ ಬೇರೆ ಅರ್ಜಿ. ಕೆಲಸ ಮುಗಿದ ಮೇಲೆ ವಾಸಕ್ಕೆ ಅನುಮತಿ ಕೊಡುವ ಪತ್ರ, ಓಸಿ ಬೇರೆ.

ನನ್ನ ಪ್ರಶ್ನೆ ಇಷ್ಟೇ. ಅಪ್ಪನ ಕಾಲದಲ್ಲಿ ನಿಜವಾಗಿಯೂ ಒಂದು ಹಾಳೆಯಲ್ಲಿ ಎಲ್ಲ ಮುಗಿಯುತ್ತಿತ್ತೇ? ಹಾಗಿದ್ದರೆ ಈ ಐವತ್ತು ವರ್ಷದಲ್ಲಿ ಏನಾಯಿತು? ಆಗ ಈ ಕೆಲಸದಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇ ಡ್ರಾಫ್ಟ್ಸ್‌ಮನ್

ಅಮ್ಮಾ, ನಿಮ್ಮ ಬರಹ ಓದಿ ಎರಡು ದಿನ ಅದೇ ಯೋಚನೆ. ನಾನು 1979ರಿಂದ 2016ರವರೆಗೆ ಬೆಂಗಳೂರಿನಲ್ಲಿ ಮನೆ ಪ್ಲಾನು ಬರೆದವನು. ಗಾಂಧಿ ಬಜಾರಿನ ಹತ್ತಿರ ಮಹಡಿ ಮೇಲೆ ಒಂದು ಕೋಣೆ, ಲೈಸೆನ್ಸ್ ಇದ್ದ ಎಂಜಿನಿಯರೊಬ್ಬರ ಕೈಕೆಳಗೆ ಸೇರಿದೆ. ನಿಮ್ಮಪ್ಪನ ಪ್ಲಾನು ನನಗಿಂತ ಐದು ವರ್ಷ ಹಿಂದಿನದು, ಆದರೆ ಅದರ ಅಣ್ಣತಮ್ಮಂದಿರನ್ನು ನೂರಾರು ಬರೆದಿದ್ದೇನೆ. ಉದ್ದವಾಗುತ್ತದೆ, ಬೇಸರಿಸಬೇಡಿ.

ನಿಮ್ಮ ಹಾಳೆ ಅಮೋನಿಯಾ ಪ್ರಿಂಟು. ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆದು, ತಪ್ಪಾದರೆ ಬ್ಲೇಡಿನಿಂದ ಹಗುರಾಗಿ ಕೆರೆದು, ಆಮೇಲೆ ಪ್ರಿಂಟ್ ಅಂಗಡಿಗೆ ಒಯ್ಯುತ್ತಿದ್ದೆವು. ಆ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪ್ರಿಂಟಿನ ಮೇಲೆ ಬಣ್ಣ ತುಂಬುವುದು ನನ್ನ ಪಾಲಿನ ಕೆಲಸ. ಹೊಸದಾಗಿ ಕಟ್ಟುವುದಕ್ಕೆ ಕೆಂಪು, ಚರಂಡಿ ಕೊಳವೆಗೆ ಕೆಂಪು ಚುಕ್ಕೆಗೆರೆ, ಕೆಡವುವುದಕ್ಕೆ ಹಳದಿ ಅಡ್ಡಗೆರೆ.

ಒಂದು ಹಾಳೆಯಲ್ಲಿ ಮುಗಿಯುತ್ತಿತ್ತೇ ಅಂದರೆ, ಹಾಳೆ ಒಂದೇ, ಆದರೆ ಮುಗಿಯುತ್ತಿರಲಿಲ್ಲ. ಪ್ಲಾನು ಪಾಸಾದ ಮೇಲೆ ಅದನ್ನು ಹಿಡಿದುಕೊಂಡು ಸಿಮೆಂಟ್ ಪರ್ಮಿಟ್‌ಗೆ ಅಲೆಯಬೇಕು. ಇವತ್ತಿನ ಮಕ್ಕಳಿಗೆ ಇದು ಗೊತ್ತೇ ಇಲ್ಲ. ಸಿಮೆಂಟು ಆಗ ಅಕ್ಕಿ ಸಕ್ಕರೆಯ ಹಾಗೆ ಸರ್ಕಾರದ ಹಿಡಿತದಲ್ಲಿತ್ತು. ಪಾಸಾದ ಪ್ಲಾನು ತೋರಿಸಿದರೆ ಮನೆಯ ಅಳತೆ ನೋಡಿ ಇಷ್ಟು ಮೂಟೆ ಅಂತ ಬರೆದುಕೊಡುತ್ತಿದ್ದರು. ಪ್ಲಾನಿಗಿಂತ ದೊಡ್ಡದು ಕಟ್ಟಬೇಕೆಂದರೆ ಕಾಳಸಂತೆಗೆ ಹೋಗಬೇಕು, ಅದರ ಬೆಲೆ ಗುಮಾಸ್ತನ ಸಂಬಳಕ್ಕೆ ನಿಲುಕುತ್ತಿರಲಿಲ್ಲ. 1982ರಲ್ಲಿ ಅರ್ಧ ಹಿಡಿತ ಸಡಿಲಿಸಿದರು, 1989ರಲ್ಲಿ ಪೂರ್ತಿ ಬಿಟ್ಟರು. ಆಮೇಲೆ ದುಡ್ಡಿದ್ದವನು ಅಂಗಡಿಗೆ ಹೋಗಿ ಎಷ್ಟು ಬೇಕೋ ಅಷ್ಟು ತರಬಹುದು. ಒಳ್ಳೆಯದೇ ಆಯಿತು, ಆ ಅಲೆದಾಟ ಯಾರಿಗೂ ಬೇಡ. ಆದರೆ ಪ್ಲಾನಿಗೂ ಕಟ್ಟಡಕ್ಕೂ ಇದ್ದ ಗಂಟು ಅಲ್ಲಿಗೆ ಬಿಚ್ಚಿಹೋಯಿತು ಅಂತ ನನ್ನ ಅನಿಸಿಕೆ. ನಿಯಮ ಓದಿ ಹೇಳುತ್ತಿರುವುದಲ್ಲ, ನಾನು ಬರೆದ ಪ್ಲಾನುಗಳು ಯಾವ ವರ್ಷದಿಂದ ಸುಳ್ಳಾಗತೊಡಗಿದವು ಅನ್ನುವುದನ್ನು ನೋಡಿ ಹೇಳುತ್ತಿದ್ದೇನೆ.

1976ರಲ್ಲಿ ಒಟ್ಟೊಟ್ಟಿಗೆ ಬಹಳ ಬದಲಾಯಿತು. ಸಿಐಟಿಬಿ ಹೋಗಿ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಂತು. 1949ರ ಬೆಂಗಳೂರು ಕಾರ್ಪೊರೇಷನ್ ಕಾಯ್ದೆಯ ಜಾಗಕ್ಕೆ ಇಡೀ ರಾಜ್ಯದ ಪಾಲಿಕೆಗಳಿಗೆ ಒಂದೇ ಕಾಯ್ದೆ ಬಂತು. ಕಟ್ಟಲು ಅರ್ಜಿ ಹಾಕುವ 299ನೇ ಕಲಮು, ಕಟ್ಟಿದ ಮೇಲೆ ವಾಸಕ್ಕೆ ಅನುಮತಿ ಕೊಡುವ 310ನೇ ಕಲಮು ಎರಡೂ ಅದರಲ್ಲೇ ಇವೆ. ಓಸಿ ಅನ್ನುವುದು ಹೊಸದಾಗಿ ಹುಟ್ಟಿದ್ದೇನಲ್ಲ ಅಮ್ಮಾ, ಕಾಯ್ದೆಯಲ್ಲಿ ಅವತ್ತಿನಿಂದ ಇದೆ. ಸಾಮಾನ್ಯ ಮನೆಯವರು ಅದನ್ನು ಕೇಳುತ್ತಿರಲಿಲ್ಲ, ಕರೆಂಟು ನೀರು ಕೊಡುವವರೂ ಕೇಳುತ್ತಿರಲಿಲ್ಲ. ಅದೇ ವರ್ಷ ನಗರ ಭೂಮಿತಿ ಕಾಯ್ದೆ ಬಂತು. ಬೆಂಗಳೂರಿನಲ್ಲಿ ಒಬ್ಬರಿಗೆ 1000 ಚದರ ಮೀಟರು ಖಾಲಿ ಜಾಗದ ಮಿತಿ. ಅದಕ್ಕೊಂದು ಅಫಿಡವಿಟ್ಟು. ಮರ ಸಂರಕ್ಷಣೆ ಕಾಯ್ದೆಯೂ 1976ರದ್ದೇ, ನಿಮ್ಮ ಮಾವಿನ ಮರದ ಅರ್ಜಿ ಅಲ್ಲಿಂದ ಬಂದದ್ದು. ಭೂಮಿತಿಯದು 1999ರಲ್ಲಿ ರದ್ದಾಯಿತು, ಮರದ್ದು ಉಳಿಯಿತು. ಉಳಿದದ್ದು ನನಗೆ ಸಂತೋಷ.

ಈಗ ಆ ಐದಡಿಯ ವಿಷಯ. ಪಕ್ಕಕ್ಕೆ ಜಾಗ ಬಿಡಿ ಅನ್ನುವುದು ಯಾವುದೋ ಅಧಿಕಾರಿಗೆ ಹೊಳೆದ ನಿಯಮ ಅಂತ ಜನ ಅಂದುಕೊಳ್ಳುತ್ತಾರೆ. 1898ರಲ್ಲಿ ಈ ಊರಿಗೆ ಪ್ಲೇಗು ಬಂತು. ಪೇಟೆಯ ಒಳಗೆ ಗೋಡೆಗೆ ಗೋಡೆ ಅಂಟಿಕೊಂಡ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಜನ ಸತ್ತರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಭಯದಿಂದ. ನೇರ ರಸ್ತೆ, ಮನೆ ಸುತ್ತ ಜಾಗ, ಹಿಂದೆ ಕಸ ಕೊಳಕು ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. ಮೈಸೂರಿನಲ್ಲೂ ಅದೇ ಕಾಲಕ್ಕೆ, 1903ರಲ್ಲಿ, ಟ್ರಸ್ಟ್ ಬೋರ್ಡು ಶುರುವಾಯಿತು. ನಮ್ಮ ಯಜಮಾನರು ಹೊಸ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳುತ್ತಿದ್ದರು. ‘ನೀನು ಬಿಡೋ ಜಾಗ ನಿನ್ನ ಗಿರಾಕಿದಲ್ಲಪ್ಪ, ಪಕ್ಕದ ಮನೆಯವರ ಉಸಿರು’ ಅನ್ನುತ್ತಿದ್ದರು.

ನಾನು ಸೇರಿದ ಹೊಸತರಲ್ಲಿ ಪ್ಲಾನು ಪಾಸಾದ ಮೇಲೆ ಸುಣ್ಣದ ಪುಡಿ ಹಾಕಿ ಮಾರ್ಕಿಂಗ್ ಮಾಡಿದ ದಿನ ಓವರ್ಸಿಯರ್ ಬರುತ್ತಿದ್ದರು. ಸೈಕಲ್ಲಿನಲ್ಲಿ, ಕೈಯಲ್ಲಿ ಬಟ್ಟೆಯ ಟೇಪು. ಒಂದು ಸಲ ಬನಶಂಕರಿಯಲ್ಲಿ ಪಾಯ ಅಗೆದಾಗಿತ್ತು, ಪಕ್ಕದ ಜಾಗ ಒಂಬತ್ತಿಂಚು ಕಡಿಮೆ ಬಂತು. ಅವರು ಕೂಗಾಡಲಿಲ್ಲ. ಟೇಪು ಹಿಡಿದ ಮೇಸ್ತ್ರಿಗೆ ‘ಇದನ್ನು ಮುಚ್ಚಿ, ಅಲ್ಲಿ ಅಗೆಯಪ್ಪ’ ಅಂದು ಮರದ ನೆರಳಲ್ಲಿ ಕೂತರು. ಮುಚ್ಚಿ ಮತ್ತೆ ಅಗೆಯುವವರೆಗೂ ಏಳಲಿಲ್ಲ. ಎಲ್ಲರೂ ಹಾಗಿದ್ದರು ಅಂತ ಹೇಳಲಾರೆ. ಕೈಚಾಚುವವರು ಆಗಲೂ ಇದ್ದರು. ಆದರೆ ನೆಲದ ಮೇಲೆ ಟೇಪು ಬೀಳುತ್ತಿತ್ತು.

1996ರ ಸುಮಾರಿಗೆ ಒಂದು 30x40 ಸೈಟಿಗೆ ನಾನೇ ಪ್ಲಾನು ಬರೆದೆ. ಕೆಳಗೊಂದು ಮನೆ, ಮೇಲೊಂದು ಮನೆ, ಪಕ್ಕಕ್ಕೆ ಬಿಡಬೇಕಾದ್ದೆಲ್ಲ ಬಿಟ್ಟು. ಪಾಸೂ ಆಯಿತು. ಎರಡು ವರ್ಷದ ಮೇಲೆ ಆ ಕಡೆ ಹೋದರೆ ನಾಲ್ಕು ಮಹಡಿ ಎದ್ದಿವೆ, ಗೋಡೆ ಕಾಂಪೌಂಡಿಗೆ ತಾಗಿದೆ. ಪಕ್ಕದ ಹೆಂಚಿನ ಮನೆಯ ವಯಸ್ಸಾದ ತಾಯಿ ಒಬ್ಬರು ನನ್ನ ಗುರುತು ಹಿಡಿದು ಒಳಗೆ ಕರೆದರು. ಮಧ್ಯಾಹ್ನ ಹನ್ನೆರಡಕ್ಕೆ ಅಡುಗೆಮನೆಯಲ್ಲಿ ಲೈಟು ಹಾಕಿಕೊಂಡಿದ್ದರು. ಕಿಟಕಿಯ ಹೊರಗೆ ಕೈ ಚಾಚಿದರೆ ಇಟ್ಟಿಗೆ. ‘ನೀವು ಬರೆದ ಕಾಗದದಲ್ಲಿ ಈ ಗೋಡೆ ಇಲ್ಲೇ ಇತ್ತಾ ಸ್ವಾಮಿ?’ ಅಂತ ಕೇಳಿದರು. ಇರಲಿಲ್ಲ. ನನ್ನ ಹತ್ತಿರ ಇದ್ದ ಪ್ರತಿ ತೆಗೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿದ್ದವರು ಅದನ್ನು ನೋಡಿ ‘ಪ್ಲಾನು ಸರಿಯಾಗೇ ಇದೆಯಲ್ಲ’ ಅಂದರು. ಆ ಮಾತು ಇವತ್ತಿಗೂ ಎದೆಯಲ್ಲಿ ಕೂತಿದೆ. ಇಂಥ ಮನೆಗಳು ಬೀದಿ ತುಂಬಿದ ಮೇಲೆ ಅಕ್ರಮ-ಸಕ್ರಮ ಅಂತ ಬಂತು. ಉಲ್ಲಂಘನೆಗೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವುದು. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಒಪ್ಪಿತು, ಮರು ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ದಂಡ ಕಟ್ಟಿದರೆ ಸರ್ಕಾರಕ್ಕೆ ದುಡ್ಡು ಬರಬಹುದು, ಆ ತಾಯಿಯ ಅಡುಗೆಮನೆಗೆ ಬೆಳಕು ಬರುತ್ತದೆಯೇ?

2003ರ ಕಟ್ಟಡ ಉಪವಿಧಿ, ಆಮೇಲೆ 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನು ಬಂದು ಲೆಕ್ಕವೇ ಬದಲಾಯಿತು. ಅಷ್ಟರಲ್ಲಿ ಅಡಿ ಅಂಗುಲ ಹೋಗಿ ಮೀಟರು, ಅಂಗುಲಕ್ಕೆ ಎಂಟಡಿ ಹೋಗಿ ನೂರಕ್ಕೆ ಒಂದು ಬಂದಿತ್ತು. ನಿಮ್ಮ ರಸ್ತೆ ಮೂವತ್ತಡಿಯದಾದರೆ 2400 ಚದರಡಿ ಸೈಟಿಗೆ 1.75ರ ಎಫ್‌ಎಆರ್, ಅಂದರೆ ಸೈಟಿನ 1.75 ಪಟ್ಟು, ಎಲ್ಲ ಮಹಡಿ ಸೇರಿ 4200 ಚದರಡಿ. ನೆಲದ ಮೇಲೆ ನೂರಕ್ಕೆ ಎಪ್ಪತ್ತೈದು ಭಾಗ ತುಂಬಬಹುದು. ನಿಮ್ಮಪ್ಪ ಎಷ್ಟು ತುಂಬಿದ್ದರು ಲೆಕ್ಕ ಹಾಕಿ. ಮೂವತ್ತು ಅಡಿಗೆ ನಲವತ್ತೆರಡು, 1260 ಚದರಡಿ. ಸೈಟಿನ ಅರ್ಧಕ್ಕಿಂತ ಚೂರು ಜಾಸ್ತಿ. ಕಾಗದ ಹೆಚ್ಚಿತು, ಆದರೆ ಕಟ್ಟಲು ಕೊಟ್ಟ ಜಾಗವೂ ಹೆಚ್ಚಿತು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಮಳೆನೀರು ಕೊಯ್ಲು 2009ರಿಂದ. ನಿಮ್ಮ ಜಯನಗರದಲ್ಲೇ ಜಲಮಂಡಳಿಯ ಸರ್ ಎಂ.ವಿ. ಹೆಸರಿನ ಮಳೆನೀರು ಕೊಯ್ಲು ಉದ್ಯಾನ ಇದೆ, ಒಂದು ಬೆಳಿಗ್ಗೆ ಹೋಗಿ ನೋಡಿ. ಕಾವೇರಿ ಮೊದಲ ಹಂತ ಊರಿಗೆ ಬಂದದ್ದು ನಿಮ್ಮ ಮನೆ ಎದ್ದ 1974ರಲ್ಲೇ. ನಲ್ಲಿ ಬಂತು ಅಂತ ಎಷ್ಟೋ ಮನೆಯವರು ಆಮೇಲೆ ಬಾವಿ ಮುಚ್ಚಿಸಿದರು. ನಿಮ್ಮದು ಮುಚ್ಚದೆ ಇದ್ದರೆ ಇಂಗುಗುಂಡಿಗೆ ಹೊಸದಾಗಿ ಅಗೆಯಬೇಡಿ, ತಾರಸಿ ನೀರನ್ನು ಸೋಸಿ ಅದಕ್ಕೇ ಬಿಡಬಹುದು.

ಕಡಲ ಬದಿಯವ

ಹಿರಿಯರು ಬರೆದದ್ದು ಓದಿ ನಮ್ಮ ಕಡೆಯದ್ದು ಸ್ವಲ್ಪ ಹೇಳುವ ಅಂತ ಅನಿಸಿತು. ನಾನು ಉಡುಪಿ ಬದಿಯವ, ಹೊಳೆಗೂ ಕಡಲಿಗೂ ನಡುವಿನ ಹಳ್ಳಿ. ಅಜ್ಜನ ಮನೆಗೆ ಪ್ಲಾನು ಅಂತ ಯಾವ ಕಾಗದವೂ ಇಲ್ಲ. ಮೇಸ್ತ್ರಿ ಬಂದು ಕೋಲಿನಲ್ಲಿ ಅಳೆದು, ಆಯ ನೋಡಿ, ನಾಲ್ಕು ಗೂಟ ಹೊಡೆದರೆ ಅದೇ ಪರವಾನಗಿ. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚು. ಪಂಚಾಯಿತಿಯವರು ಮನೆ ಎದ್ದ ಮೇಲೆ ನಂಬರು ಕೊಟ್ಟು ತೆರಿಗೆ ತೆಗೆದುಕೊಂಡರು.

ಈಗ ಹಳ್ಳಿಯಲ್ಲೂ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಪಂಚಾಯಿತಿ ಪರವಾನಗಿ ಬೇಕು. ಅದಕ್ಕಿಂತ ಮೊದಲು ಗದ್ದೆ ತೋಟ ಆದರೆ ಅದನ್ನು ಮನೆ ಜಾಗ ಮಾಡುವ ಕನ್ವರ್ಷನ್, ಸರ್ವೆ ನಂಬರಿನ ತುಂಡು ಆದರೆ ಆ ತುಂಡನ್ನು ಅಳೆದು ಕೊಡುವ 11ಇ ನಕ್ಷೆ, ಒಂದೇ ಸೈಟಿನ ನಕ್ಷೆಗೆ ಒಪ್ಪಿಗೆ ಅನ್ನುವ ಸಿಂಗಲ್ ಲೇಔಟು, ಆಮೇಲೆ ನೈನ್-ಇಲೆವೆನ್. ಘಟ್ಟದ ಮೇಲಿನವರಿಗೆ ಇದು ಅಮೆರಿಕದ ಘಟನೆ ಅನಿಸಬಹುದು, ನಮಗೆ ಪಂಚಾಯಿತಿ ಆಸ್ತಿಯ ದಾಖಲೆ ಕೊಡುವ ಇ-ಸ್ವತ್ತಿನ ನಮೂನೆ 9 ಮತ್ತು 11. ಮದುವೆ ಮನೆಯಲ್ಲಿ ಕುಳಿತರೂ ‘ನಿಮ್ಮದು ನೈನ್-ಇಲೆವೆನ್ ಆಯ್ತಾ?’ ಅಂತಲೇ ಕೇಳುವುದು. ಅದಿಲ್ಲದೆ ಬ್ಯಾಂಕಿನವರು ಸಾಲದ ಮಾತೇ ಎತ್ತುವುದಿಲ್ಲ.

ನಮಗೆ ಹೆಚ್ಚು ತಟ್ಟಿದ್ದು ಕಡಲ ತೀರದಲ್ಲಿ ಕಟ್ಟುವುದಕ್ಕೆ ಕಡಿವಾಣ ಹಾಕುವ ಸಿಆರ್‌ಝಡ್. 1991ರ ಅಧಿಸೂಚನೆಯಲ್ಲಿ ಹಳ್ಳಿ ಕಡೆ ಭರತದ ಗೆರೆಯಿಂದ, ಅಂದರೆ ಕಡಲು ಉಬ್ಬಿ ಬರುವ ಗೆರೆಯಿಂದ, 200 ಮೀಟರಿನೊಳಗೆ ಹೊಸದಾಗಿ ಕಟ್ಟುವ ಹಾಗೆ ಇಲ್ಲ, ಇದ್ದ ಮನೆ ರಿಪೇರಿ ಮಾಡಬಹುದು ಅಷ್ಟೆ. ನನ್ನ ಚಿಕ್ಕಮ್ಮನ ಮನೆ ಆ ಗೆರೆಯ ಒಳಗೆ. ಮೂರು ಗಂಡುಮಕ್ಕಳು, ಎರಡು ಕೋಣೆ. ಮಾಡು ರಿಪೇರಿ ಅಂತ ಹೆಂಚು ಬದಲಿಸುತ್ತಾ ಇಪ್ಪತ್ತೈದು ವರ್ಷ ಕಳೆದರು, ದೊಡ್ಡವ ಕೊನೆಗೆ ಬಾಡಿಗೆ ಮನೆಗೆ ಹೋದ. 2019ರ ಹೊಸ ಅಧಿಸೂಚನೆಯಲ್ಲಿ ಜನದಟ್ಟಣೆ ಚದರ ಕಿಲೋಮೀಟರಿಗೆ 2161 ದಾಟಿದ ಕಡೆ 200 ಇದ್ದದ್ದು 50 ಮೀಟರು ಆಯಿತು. ದಟ್ಟಣೆ ಕಡಿಮೆ ಇರುವ ಕಡೆ 200 ಹಾಗೆಯೇ ಉಂಟು. ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಕಡಲು ಕೊರೆದು ತೆಂಗಿನ ಮರಗಳು ಸಾಲಾಗಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ತಲೆಮಾರಿನಿಂದ ಅಲ್ಲೇ ಬಲೆ ಹಾಕುವವರಿಗೆ ಒಂದು ಕೋಣೆ ಏರಿಸಲು ಬಿಡದೆ ಇದ್ದರೆ ಅವರು ಎಲ್ಲಿಗೆ ಹೋಗುವುದು?

ಸ್ಟ್ರಕ್ಚರ್ ಹುಡುಗ

ಮೇಡಂ, ನಾನು ಇದೇ ಕೆಲಸ ಮಾಡುವವನು, ಎರಡು ಮಾತು ಸೇರಿಸುತ್ತೇನೆ.

ಮಣ್ಣಿನ ಪರೀಕ್ಷೆ, ಸ್ಟ್ರಕ್ಚರಲ್ ಪತ್ರ ಇವನ್ನು ಕಾಗದದ ಕಾಟ ಅಂದುಕೊಳ್ಳಬೇಡಿ. 1974ರ ಮನೆ ಒಂಬತ್ತಿಂಚು ಗೋಡೆಯ ಮೇಲೆ ನಿಂತದ್ದು, ಒಂದು ಮಹಡಿಯ ಭಾರ. ನೀವು ಈಗ ಕಟ್ಟುವುದು ಪಿಲ್ಲರ್ ಮೇಲೆ, ಕೆಳಗೆ ಕಾರು, ಮೇಲೆ ಮೂರು ಮಹಡಿ. 2001ರಲ್ಲಿ ಭುಜ್ ಭೂಕಂಪದಲ್ಲಿ ಕೆಳಗೆ ಪಾರ್ಕಿಂಗ್‌ಗೆ ತೆರವು ಬಿಟ್ಟ ಅಪಾರ್ಟ್‌ಮೆಂಟುಗಳು ಅಹಮದಾಬಾದಿನವರೆಗೂ ಕೂತುಬಿದ್ದವು. ಮರುವರ್ಷವೇ ಭೂಕಂಪಕ್ಕೆ ತಡೆಯುವಂತೆ ಕಟ್ಟುವ ನಿಯಮ, ‘ಐಎಸ್ 1893’ ಅನ್ನುವ ಕೋಡ್, ಪರಿಷ್ಕರಣೆ ಆಯಿತು. ಬೆಂಗಳೂರಿಗೆ ಅಪಾಯ ಕಡಿಮೆ ಅನ್ನುತ್ತಾರೆ, ಆದರೆ ಭೂಕಂಪವೇ ಬೇಕಿಲ್ಲ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಯಲ್ಲಿ ಕುಸಿದು ಒಳಗಿದ್ದ ಕೂಲಿ ಕಾರ್ಮಿಕರು ಸತ್ತರು. ಪ್ಲಾನ್ ಶುಲ್ಕದ ಜೊತೆ ಕಟ್ಟಿಸಿಕೊಳ್ಳುವ ಶೇಕಡಾ 1ರ ಕಾರ್ಮಿಕ ಸೆಸ್ 1996ರ ಕಾಯ್ದೆಯಿಂದ ಶುರುವಾದದ್ದು, ಅದು ಇಂಥವರ ಕಲ್ಯಾಣ ನಿಧಿಗೇ ಹೋಗುತ್ತದೆ.

ಇನ್ನು ಓಸಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಓಸಿ ಇಲ್ಲದೆ ಕಾಯಂ ಕರೆಂಟು, ನೀರು ಕೊಡುವುದು ನಿಂತಿತು. 2025ರಲ್ಲಿ ಬೆಂಗಳೂರಿನಲ್ಲಿ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟರು. ನಿಮ್ಮದು 2400, ಹಾಗಾಗಿ ಓಸಿ ಬೇಕೇ ಬೇಕು. ಪ್ಲಾನಿಗೆ ಮಾತ್ರ 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ಯಲ್ಲಿ ಹಾಕಬಹುದು. 50x80ವರೆಗಿನ ಸೈಟು, ನಾಲ್ಕು ಮನೆಯವರೆಗೆ. ಎಂಜಿನಿಯರೇ ಆನ್‌ಲೈನ್‌ನಲ್ಲಿ ಹಾಕಿದರೆ ತಾತ್ಕಾಲಿಕ ನಕ್ಷೆ ಬೇಗ ಸಿಗುತ್ತದೆ, ಆಮೇಲೆ ಅಧಿಕಾರಿಗಳು ಪರಿಶೀಲಿಸುತ್ತಾರೆ. ಪರಿಶೀಲನೆ ಮುಗಿಯುವವರೆಗೆ ಹಳೆ ಮನೆಗೆ ಗುದ್ದಲಿ ಹಾಕಬೇಡಿ.

ಹಳೇ ಡ್ರಾಫ್ಟ್ಸ್‌ಮನ್

ತಮ್ಮಾ, ಸರಿಯಾಗಿ ಹೇಳಿದಿರಿ. ಅಂದು ಸಿಮೆಂಟು, ಇಂದು ಕರೆಂಟು. ಬಿಚ್ಚಿಹೋದ ಗಂಟನ್ನು ಮೂವತ್ತೈದು ವರ್ಷದ ಮೇಲೆ ಇನ್ನೊಂದು ದಾರದಲ್ಲಿ ಕಟ್ಟಿದ್ದಾರೆ. ಓಸಿ ಕೊಡುವ ದಿನ ಯಾರಾದರೂ ಟೇಪು ಹಿಡಿದು ಬಂದು ಅಳೆದರೆ ನನ್ನಂಥವರಿಗೆ ಸಮಾಧಾನ. ಅಮ್ಮಾ, ಬಂದವರ ಜೊತೆ ಟೇಪಿನ ಇನ್ನೊಂದು ತುದಿ ನೀವೇ ಹಿಡಿಯಿರಿ.

ಜಯನಗರದ ಮಗಳು

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ! ಸಾರ್, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸಿಮೆಂಟ್ ಪರ್ಮಿಟ್ ಅಂದ ಕೂಡಲೇ ಅವರಿಗೆ ನೆನಪಾಯಿತು. ಮೂಟೆಗಳು ಬಂದ ರಾತ್ರಿ ಮಳೆ ಬಂದು, ಮನೆಯಲ್ಲಿದ್ದ ಚಾಪೆ ಜಮಖಾನವೆಲ್ಲ ಹೊದಿಸಿ ಅಪ್ಪ ಬೆಳಗಿನವರೆಗೆ ಪಕ್ಕದಲ್ಲೇ ಕೂತಿದ್ದರಂತೆ. ಬಾವಿಯನ್ನು ಮುಚ್ಚಿಲ್ಲ, ಮೇಲೆ ಕಲ್ಲು ಚಪ್ಪಡಿ ಹಾಕಿ ತುಳಸಿ ಕುಂಡ ಇಟ್ಟಿದ್ದಾರೆ. ಕಲ್ಲು ಸರಿಸಿ ನೋಡಿದೆವು, ಇಪ್ಪತ್ತು ಅಡಿಯಲ್ಲಿ ನೀರು ಕಾಣುತ್ತದೆ.

ನಿನ್ನೆ ತಮ್ಮನೂ ನಾನೂ ಟೇಪು ಹಿಡಿದು ಮನೆ ಸುತ್ತ ಅಳೆದೆವು. ಎಡಕ್ಕೆ ಐದಡಿ, ಬಲಕ್ಕೆ ಐದಡಿ. ಹಾಳೆಯಲ್ಲಿ ಇದ್ದದ್ದೇ ನೆಲದಲ್ಲೂ ಇದೆ. ಎಂಜಿನಿಯರ್ ಹೊಸ ನಕ್ಷೆಯ ಕರಡು ಕಳಿಸಿದ್ದಾರೆ. ನೀವು ಹೇಳಿದ ಹಾಗೇ ಅಪ್ಪ ಕಟ್ಟಿದ ಮನೆ ಪೂರ್ತಿ ಹಳದಿ ಅಡ್ಡಗೆರೆಗಳಲ್ಲಿ ಬಂದಿದೆ. ನೋಡಿ ತುಂಬ ಹೊತ್ತು ಮಾತಾಡಲಾಗಲಿಲ್ಲ. ಈಗಿನ ಲೆಕ್ಕದಲ್ಲಿ ಪಕ್ಕಕ್ಕೆ ಅಷ್ಟು ಬಿಡಬೇಕಾಗಿಲ್ಲ, ಕೋಣೆ ದೊಡ್ಡದಾಗುತ್ತದೆ ಅಂದರು. ಎಡಗಡೆ ಐದಡಿ ಹಾಗೇ ಇರಲಿ ಅಂತ ಹೇಳಿದ್ದೇನೆ. ಪಕ್ಕದ ಮನೆಯ ಅಡುಗೆಮನೆ ಕಿಟಕಿ ಆ ಕಡೆಗೇ ಇದೆ.

ಕೊನೆಯದಾಗಿ ಒಂದು. ಆ ಹಳೆಯ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಹೊಸ ಮನೆಯಲ್ಲಿ ಕಟ್ಟು ಹಾಕಿಸಬೇಕು ಅಂತ ಆಸೆ. ಆಗುತ್ತದೆಯೇ?

ಹಳೇ ಡ್ರಾಫ್ಟ್ಸ್‌ಮನ್

ಲ್ಯಾಮಿನೇಟ್ ಬೇಡಮ್ಮ, ಹಾಳೆ ಹಾಳಾಗುತ್ತದೆ. ಗೋಡೆಗೂ ಹಾಕಬೇಡಿ, ಅಮೋನಿಯಾ ಪ್ರಿಂಟಿನ ಗೆರೆ ಬೆಳಕಿಗೆ ಮಾಸುತ್ತಾ ಹೋಗುತ್ತದೆ. ದೊಡ್ಡ ಸ್ಕ್ಯಾನರ್ ಇರುವ ಪ್ರಿಂಟ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಆ ಪ್ರತಿಗೆ ಕಟ್ಟು ಹಾಕಿಸಿ. ಮೂಲ ಹಾಳೆಯನ್ನು ಇನ್ನು ಮಡಚದೆ, ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಳವೆಯಲ್ಲಿಟ್ಟು ಅದೇ ಟ್ರಂಕಿನಲ್ಲಿ ಇಡಿ. ಮಾರ್ಕಿಂಗ್ ದಿನ ಗೊತ್ತಾದರೆ ಇಲ್ಲಿ ಬರೆಯಿರಿ, ಕಾಲು ನೋವು ಕಡಿಮೆ ಇದ್ದರೆ ಬರುತ್ತೇನೆ. ನನ್ನ ಹಳೆಯ ಬಟ್ಟೆ ಟೇಪು ಇನ್ನೂ ಇದೆ.